ವಿಶಾಲ, ಪ್ರಶಾಂತ, ಸಹಕಾರಿ: ಬೆಲೆ ಯಾವುದಕ್ಕೆ?

ನೇಸರಗಿ, ಬೈಲಹೊಂಗಲ, ಕಿತ್ತೂರು ಭಾಗದ ಕುಟುಂಬಗಳು ಬೆಳಗಾವಿಯಲ್ಲಿ ಇನ್ನೊಂದು ಮನೆ ಮಾಡುವುದು ಹೊಸದಲ್ಲ. ಮಕ್ಕಳ ಓದು, ಹಿರಿಯರ ಔಷಧೋಪಚಾರ, ನೌಕರಿ ಎಂದು ಕಾರಣಗಳು ಇದ್ದೇ ಇವೆ. ಮೊದಲು ಬಾಡಿಗೆ ಖೋಲಿ, ಆಮೇಲೆ ಮೂವತ್ತು-ನಲವತ್ತರ ಪ್ಲಾಟು, ಈಗ ಫ್ಲ್ಯಾಟು. ಟಿಳಕವಾಡಿ, ಸದಾಶಿವ ನಗರ, ಹನುಮಾನ ನಗರದಂಥ ಬಡಾವಣೆಗಳಲ್ಲಿ ಮಾರಾಟಕ್ಕಿರುವ ಮನೆಗಳ ಜಾಹೀರಾತು ನೋಡಿದರೆ ಮೂರು ಮಾತು ಮೇಲಿಂದ ಮೇಲೆ ಕಾಣುತ್ತವೆ: ವಿಶಾಲ, ಐಷಾರಾಮಿ, ಪ್ರಶಾಂತ. ಕಟ್ಟಡವನ್ನು ನಾಳೆ ಯಾರು ನಡೆಸುತ್ತಾರೆ, ಯಾವ ನಿಯಮದ ಮೇಲೆ ನಡೆಸುತ್ತಾರೆ ಎಂಬ ಸಹಕಾರದ ಮಾತು ಅಲ್ಲಿ ಅಪರೂಪ. ಮೊದಲ ಮೂರು ಗುಣಗಳು ಬಾಳಿಕೆ ಬರಬೇಕಾದರೆ ಈ ನಾಲ್ಕನೆಯದು ಗಟ್ಟಿಯಿರಬೇಕು. ಕೊಳ್ಳುವವರು ಅದರ ಬೆಲೆಯನ್ನೇ ಕಟ್ಟುತ್ತಿಲ್ಲ.

ವಿಶಾಲತೆಯಿಂದ ಆರಂಭಿಸೋಣ. ನಮ್ಮ ಭಾಗದ ಹಳೆಯ ಮನೆಗಳನ್ನು ಅಂಕಣದ ಲೆಕ್ಕದಲ್ಲಿ ಅಳೆಯುತ್ತಾರೆ. ಮುಂದೆ ಕಟ್ಟೆ, ತಲೆಬಾಗಿಲು, ಪಡಸಾಲೆ, ಒಳಗೆ ಅಡುಗೆಮನೆ ಮತ್ತು ದೇವರ ಕೋಣೆ, ಹಿಂದೆ ಹಿತ್ತಲು. ಸುಗ್ಗಿಯಲ್ಲಿ ಜೋಳದ ಚೀಲಗಳು ನಿಲ್ಲುವ ಪಡಸಾಲೆಯಲ್ಲೇ ಮದುವೆಗೆ ಬಂದ ಬೀಗರೂ ಮಲಗುತ್ತಾರೆ. ಒಂದೇ ಜಾಗ ಹಲವು ಕೆಲಸಕ್ಕೆ ಒದಗುವುದರಿಂದ ಮನೆ ದೊಡ್ಡದೆನಿಸುತ್ತದೆ. ಫ್ಲ್ಯಾಟಿನ ಅಳತೆಯೇ ಬೇರೆ. ಗೋಡೆ, ಮೆಟ್ಟಿಲು, ಲಿಫ್ಟು, ಓಡಾಟದ ಜಾಗ ಎಲ್ಲವನ್ನೂ ಸೇರಿಸಿದ ‘ಸೂಪರ್ ಬಿಲ್ಟಪ್’ ಅಂಕಿಯನ್ನು ಬಹಳ ಕಾಲ ದೊಡ್ಡಕ್ಷರದಲ್ಲಿ ಹಾಕುತ್ತ ಬಂದರು. 2,400 ಚದರಡಿ ಎಂದ ಮನೆಯಲ್ಲಿ ಶೇ 30ರಷ್ಟು ಹೀಗೆ ಹೋದರೆ ಕಾಲಿಡಲು ಉಳಿಯುವುದು 1,680. ಕೇಂದ್ರದ 2016ರ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ (ರೇರಾ), ಮನೆಯೊಳಗೆ ಬಳಕೆಗೆ ಸಿಗುವ ಜಾಗವಾದ ‘ಕಾರ್ಪೆಟ್ ಏರಿಯಾ’ ಎಂದರೇನೆಂದು ಖಚಿತವಾಗಿ ಹೇಳಿ, ಮಾರುವವರು ಅದನ್ನು ತಿಳಿಸಲೇಬೇಕೆಂದು ಕಟ್ಟುಮಾಡಿದ್ದು ದೊಡ್ಡ ಉಪಕಾರ. ಹಾಗಿದ್ದೂ ಮಾತುಕತೆ ಇಂದಿಗೂ ದೊಡ್ಡ ಅಂಕಿಯ ಮೇಲೇ ನಡೆಯುತ್ತದೆ. ಹಿರಿಯರು ಸಂಜೆ ಕೂಡುವ ಕಟ್ಟೆ, ಕಾಳು ಒಣಗಿಸುವ ಬಿಸಿಲು, ಹತ್ತು ಜನ ಊಟಕ್ಕೆ ಕೂರುವ ಜಾಗ ಎಲ್ಲಿವೆ ಎಂದು ಕೇಳಬೇಕು. ಆ ಜಾಗ ಫ್ಲ್ಯಾಟಿನೊಳಗೆ ಸಿಗುವುದಿಲ್ಲ. ಸಿಕ್ಕರೆ ತಾರಸಿಯಲ್ಲಿ, ಅಂಗಳದಲ್ಲಿ, ಸಮುದಾಯದ ಕೋಣೆಯಲ್ಲಿ ಸಿಗಬೇಕು. ಅಂದರೆ ನಿಜವಾದ ವಿಶಾಲತೆ ಎಲ್ಲರ ಪಾಲಿನ ಜಾಗದಲ್ಲಿದೆ, ಅದನ್ನು ಕಾಯುವವರು ಬೇಕು.

ಐಷಾರಾಮದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಇಟಾಲಿಯನ್ ಮಾರ್ಬಲ್ ಆಗಲಿ, ತೇಗದ ಬಾಗಿಲಾಗಲಿ ಮೊದಲ ದಿನ ಚೆಂದ. ಹತ್ತು ವರ್ಷ ಕಳೆದ ಮೇಲೆ ಮನೆಯ ಸುಖವನ್ನು ನಿರ್ಧರಿಸುವುದು ಲಿಫ್ಟು, ನೀರಿನ ಟಾಕಿ, ಜನರೇಟರ್, ಸೋರುವ ತಾರಸಿ. ಇವೆಲ್ಲ ತಿಂಗಳ ವರ್ಗಣಿಯ ಮೇಲೆ ನಡೆಯುವ ಸಂಗತಿಗಳು. ಇನ್ನು ಪ್ರಶಾಂತತೆಯನ್ನು ಬಿಲ್ಡರ್ ಮಾರಲಾರ, ಏಕೆಂದರೆ ಅದು ಅವನದಲ್ಲ. ಪಕ್ಕದ ಖಾಲಿ ಪ್ಲಾಟಿನಲ್ಲಿ ನಾಳೆ ಮಂಗಲ ಕಾರ್ಯಾಲಯ ಬರಬಹುದು. ಕಟ್ಟಡದೊಳಗಿನ ಶಾಂತಿಯಾದರೂ ಅಲ್ಲಿರುವವರ ಒಪ್ಪಂದದ ಮೇಲೆ ನಿಂತಿದೆ: ತಾರಸಿಯಲ್ಲಿ ಕಾರ್ಯಕ್ರಮ ಎಷ್ಟು ಹೊತ್ತಿನವರೆಗೆ, ಗಾಡಿ ಎಲ್ಲಿ ನಿಲ್ಲಬೇಕು, ನೆಲಮಹಡಿಯನ್ನು ಅಂಗಡಿಗೆ ಕೊಡಬಹುದೇ ಎಂಬ ಒಪ್ಪಂದ.

ಆ ಒಪ್ಪಂದಕ್ಕೆ ಕಾನೂನಿನ ರೂಪ ಕೊಟ್ಟು ನೂರು ವರ್ಷ ದಾಟಿಸಿದ ಉದಾಹರಣೆ ಕನ್ನಡ ನಾಡಿನ ಜನರದ್ದೇ ಇದೆ. 1896ರ ಪ್ಲೇಗಿನ ನಂತರ ಮುಂಬಯಿಯಲ್ಲಿ ಮನೆಯ ಪ್ರಶ್ನೆ ಜೀವದ ಪ್ರಶ್ನೆಯೇ ಆಯಿತು. ಕೆನರಾ ಕರಾವಳಿಯಿಂದ ಗುಮಾಸ್ತಿಕೆಗೆ, ಶಾಲೆ-ಕಚೇರಿಗಳ ಕೆಲಸಕ್ಕೆ ಹೋದ ಸಾರಸ್ವತ ಕುಟುಂಬಗಳು ಚಾಳುಗಳಲ್ಲಿ ಇಕ್ಕಟ್ಟಾಗಿ ಬದುಕುತ್ತಿದ್ದವು. ಅವರಲ್ಲೊಬ್ಬರಾದ ಶ್ರೀಪಾದ ಸುಬ್ಬರಾವ್ ತಲ್ಮಕಿ 1906ರಲ್ಲಿ ತಮ್ಮ ಗುರುಗಳಾದ ಶಾಮರಾವ್ ವಿಠ್ಠಲ ಕಾಯ್ಕಿಣಿಯವರ ಹೆಸರಿನಲ್ಲಿ ಸಹಕಾರಿ ಪತ್ತಿನ ಸಂಘ ಕಟ್ಟಿದರು. ಇಂದಿನ ಎಸ್‌ವಿಸಿ ಬ್ಯಾಂಕ್ ಅದೇ. 1915ರಲ್ಲಿ ಗಾಮದೇವಿಯಲ್ಲಿ ಸಾರಸ್ವತ ಸಹಕಾರಿ ಗೃಹನಿರ್ಮಾಣ ಸಂಘ ಹುಟ್ಟಿತು. ಭಾರತದ ಸಹಕಾರಿ ವಸತಿಯ ಮೊದಮೊದಲ ಉದಾಹರಣೆಗಳಲ್ಲಿ ಇದೂ ಒಂದು. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಫಿನ್‌ಲೆಂಡಿನ ವಲಸಿಗರು ಕಟ್ಟಿದ ಪ್ರಸಿದ್ಧ ಸಹಕಾರಿ ವಸತಿ ಬಂದದ್ದು ಅದರ ಮರುವರ್ಷ, 1916ರಲ್ಲಿ.

ಗಾಮದೇವಿಯ ವ್ಯವಸ್ಥೆಯ ಹೆಚ್ಚುಗಾರಿಕೆ ಅದರ ರಚನೆಯಲ್ಲಿದೆ. ಕಟ್ಟಡ ಸಂಘದ್ದು, ಸದಸ್ಯ ಷೇರು ಹಿಡಿದು, ತಿಂಗಳ ಬಾಡಿಗೆ ಕಟ್ಟಿ ವಾಸಿಸುವವ. ಅವನು ಒಡೆಯನೂ ಹೌದು, ಒಕ್ಕಲೂ ಹೌದು. ಮನೆಯನ್ನು ಹಣ ಹೂಡುವ ಸರಕಾಗಿ ನೋಡದೆ, ಬಾಳುವ ಹಕ್ಕಾಗಿ ನೋಡಿದ್ದು ಈ ಮಾದರಿಯ ಮೊದಲ ಗುಣ. ದುರಸ್ತಿಯಾಗಲಿ ಹೊಸ ಕಟ್ಟೋಣವಾಗಲಿ ಒಬ್ಬನ ದುಡ್ಡಿನ ಬಲದ ಮೇಲೆ ನಿಲ್ಲದೆ ಸಭೆಯ ತೀರ್ಮಾನದ ಮೇಲೆ ನಿಲ್ಲುವುದು ಎರಡನೆಯದು. ಷೇರು ಹೆಚ್ಚಿದ್ದವನಿಗೂ ಒಂದೇ ಮತ ಎಂಬ ಸಹಕಾರದ ನಿಯಮ ಮೂರನೆಯದು. ತಾಡದೇವದ ತಲ್ಮಕಿವಾಡಿ ಅದೇ ಹಾದಿಯಲ್ಲಿ ಬೆಳೆದು ಅವರ ಹೆಸರನ್ನೇ ಹೊತ್ತಿದೆ.

ಮೆಚ್ಚುವಷ್ಟನ್ನು ಮೆಚ್ಚಿದ ಮೇಲೆ ಕುಂದನ್ನೂ ಹೇಳಲೇಬೇಕು. ಗಾಮದೇವಿಯ ಬಾಗಿಲು ತೆರೆದದ್ದು ಒಂದು ಸಮುದಾಯಕ್ಕೆ. ಪರಊರಿನಲ್ಲಿ ನೆಲೆ ಇಲ್ಲದವರು ತಮ್ಮವರನ್ನು ನೆಚ್ಚಿದ್ದು ಅರ್ಥವಾಗುತ್ತದೆ. ಆದರೆ ಆ ಮಾದರಿ ಹರಡಿದಂತೆಲ್ಲ ಜಾತಿ, ಧರ್ಮ, ಊಟದ ರೂಢಿ ನೋಡಿ ಸದಸ್ಯತ್ವ ಕೊಡುವ ಸಂಘಗಳೂ ಹೆಚ್ಚಿದವು. 2005ರಲ್ಲಿ ಅಹಮದಾಬಾದಿನ ಝೊರಾಸ್ಟ್ರಿಯನ್ ಸಹಕಾರಿ ವಸತಿ ಸಂಘದ ಪ್ರಕರಣದಲ್ಲಿ, ಪಾರ್ಸಿಗಳಿಗಷ್ಟೇ ಸದಸ್ಯತ್ವ ಎಂಬ ಉಪನಿಯಮವನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಕಾನೂನಿಗೆ ಅದು ಸರಿ ಇರಬಹುದು. ಸಹಕಾರದ ಆಶಯಕ್ಕೆ ಸರಿಯಲ್ಲ. ಹಳ್ಳಿಯಲ್ಲಿ ಜಾತಿಗೊಂದು ಕೇರಿ ಮಾಡಿದವರು ನಾವೇ. ಲಿಫ್ಟಿರುವ ಐದು ಮಹಡಿಯ ಕಟ್ಟಡದಲ್ಲೂ ಅದನ್ನೇ ಮಾಡಿದರೆ ಶಹರಕ್ಕೆ ಬಂದು ಪಡೆದದ್ದೇನು? ‘ನಮ್ಮ ಮಂದಿಯೇ ಇದ್ದಾರೆ’ ಎಂಬುದನ್ನು ಪ್ರಶಾಂತತೆಯ ಲಕ್ಷಣವಾಗಿ ಹೇಳುವ ಮಾರಾಟದ ಮಾತನ್ನು ಕೊಳ್ಳುವವರೇ ತಿರಸ್ಕರಿಸಬೇಕು.

ಕರ್ನಾಟಕದ ಕಥೆ ಇನ್ನೊಂದು ದಾರಿ ಹಿಡಿಯಿತು. ಇಲ್ಲಿ ಗೃಹನಿರ್ಮಾಣ ಸಹಕಾರ ಸಂಘ ಎಂದರೆ ಬಹುಪಾಲು ಸೈಟು ಹಂಚುವ ಸಂಘ. ಎಂಬತ್ತರ ದಶಕದಲ್ಲಿ ಬೆಂಗಳೂರಿನ ಇಂಥ ಸಂಘಗಳ ವ್ಯವಹಾರವನ್ನು ಜಿ.ವಿ.ಕೆ. ರಾವ್ ಸಮಿತಿ ಪರಿಶೀಲಿಸಿತು. ಮಧ್ಯವರ್ತಿಗಳ ಮೂಲಕ ರೈತರ ಭೂಮಿ ಸ್ವಾಧೀನವಾದ ಬಗೆ ನ್ಯಾಯಾಲಯದ ಮೆಟ್ಟಿಲೇರಿತು. 1995ರಲ್ಲಿ ಎಚ್‌ಎಂಟಿ ಗೃಹನಿರ್ಮಾಣ ಸಂಘದ ಪ್ರಕರಣದಲ್ಲಿ ಅಂಥ ಸ್ವಾಧೀನ ನಿಲ್ಲದೆಂದು ಸುಪ್ರೀಂ ಕೋರ್ಟ್ ಹೇಳಿತು. ಸಹಕಾರದ ಹೆಸರು ಹಿಡಿದರೆ ಸಾಲದು, ನಡತೆಯೂ ಸಹಕಾರದ್ದಾಗಿರಬೇಕು ಎಂಬ ಪಾಠ ಅದರಲ್ಲಿದೆ. ಫ್ಲ್ಯಾಟುಗಳಿಗೆ ನಮ್ಮಲ್ಲಿ ಮುಖ್ಯ ಆಧಾರ 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ. ಅದರಡಿ ಕಟ್ಟಡದ ಘೋಷಣಾಪತ್ರ (ಡೀಡ್ ಆಫ್ ಡಿಕ್ಲರೇಶನ್) ನೋಂದಣಿಯಾದರೆ ಪ್ರತಿಯೊಬ್ಬನಿಗೂ ತನ್ನ ಮನೆಯ ಜೊತೆ ಜಮೀನು ಮತ್ತು ಸಾಮಾನ್ಯ ಜಾಗದಲ್ಲಿ ಅವಿಭಜಿತ ಪಾಲು, ಜೊತೆಗೆ ಉಪನಿಯಮವಿರುವ ಮಾಲೀಕರ ಸಂಘ. ಗಾಮದೇವಿಯಂತೆ ಇಲ್ಲಿ ಕಟ್ಟಡ ಸಂಘದ್ದಲ್ಲ, ಆದರೆ ಒಟ್ಟಾಗಿ ನಡೆಸುವ ಹೊಣೆ ಅಷ್ಟೇ ದೊಡ್ಡದು. ಘೋಷಣಾಪತ್ರವೇ ಆಗದ, ಸಂಘವೇ ಇಲ್ಲದ, ಬಿಲ್ಡರ್ ಫೋನ್ ಎತ್ತಿದರಷ್ಟೇ ಪಂಪು ದುರಸ್ತಿಯಾಗುವ ಕಟ್ಟಡವನ್ನು ಎಷ್ಟೇ ಚೆಂದದ ಮಾರ್ಬಲ್ ಹಾಸಿದ್ದರೂ ಐಷಾರಾಮಿ ಎನ್ನಲು ನಾನು ಒಪ್ಪಲಾರೆ.

ನಮ್ಮ ಭಾಗದವರಿಗೆ ಸಹಕಾರ ತಿಳಿಯದ ವಿಷಯವಲ್ಲ. ನೇಸರಗಿ ಸೀಮೆ 1956ರವರೆಗೆ ಮುಂಬಯಿ ಪ್ರಾಂತ್ಯದಲ್ಲೇ ಇತ್ತು. ಅದೇ ಪ್ರಾಂತ್ಯದ ಗದಗ ಬಳಿಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಇಂದು ಊರೂರಿಗೆ ಪಿಕೆಪಿಎಸ್ (ಪ್ರಾಥಮಿಕ ಕೃಷಿ ಪತ್ತಿನ ಸಹಕಾರಿ ಸಂಘ) ಇದೆ. ಎಂ.ಕೆ. ಹುಬ್ಬಳ್ಳಿಯ ಮಲಪ್ರಭಾ ಸಹಕಾರಿ ಸಕ್ಕರೆ ಕಾರ್ಖಾನೆಯ ಷೇರುಪತ್ರವನ್ನು ಟ್ರಂಕಿನಲ್ಲಿ ಜೋಪಾನವಾಗಿಟ್ಟ ಮನೆಗಳು ಎಷ್ಟೋ ಇವೆ. ವಾರ್ಷಿಕ ಸಭೆಯಲ್ಲಿ ಎದ್ದು ನಿಂತು ಲೆಕ್ಕ ಕೇಳುವುದು, ಆಡಳಿತ ಮಂಡಳಿಯ ಚುನಾವಣೆಗೆ ಮತ ಹಾಕುವುದು, ಕಬ್ಬಿನ ಬಿಲ್ಲು ತಡವಾದರೆ ಜಗಳವಾಡುವುದು ನಮ್ಮ ರೈತರಿಗೆ ಕೈಬಂದ ವಿದ್ಯೆ. ಅದೇ ರೈತ ಮಗನಿಗಾಗಿ ಫ್ಲ್ಯಾಟು ನೋಡಲು ಹೋದಾಗ ನಲ್ಲಿಯ ಕಂಪನಿ ಯಾವುದೆಂದು ಕೇಳಿ ಸುಮ್ಮನಾಗುತ್ತಾನೆ. ಊರಿನಲ್ಲಿ ಕಲಿತ ಸಹಕಾರವನ್ನು ಊರ ಸೀಮೆಯಲ್ಲೇ ಬಿಟ್ಟುಹೋಗುವುದು ನನಗೆ ಬಹಳ ಬೇಸರ ತರುವ ಸಂಗತಿ.

ಒಟ್ಟಾರೆ ಹೇಳುವುದಾದರೆ, ಸಹಕಾರಿ ಅಪಾರ್ಟ್‌ಮೆಂಟು ನಗರದ ಮಧ್ಯಮ ವರ್ಗ ಕಂಡುಕೊಂಡ ಒಳ್ಳೆಯ ವಸತಿ ಕ್ರಮಗಳಲ್ಲೊಂದು. ಬಾಗಿಲು ಎಲ್ಲರಿಗೂ ತೆರೆದಿದ್ದರೆ, ಲೆಕ್ಕ ಬಯಲಲ್ಲಿದ್ದರೆ ಅದು ಒಂಟಿ ಬಂಗಲೆಗಿಂತಲೂ ಮೇಲು. ಇವೆರಡೂ ಇಲ್ಲದಿದ್ದರೆ ಅದು ದುಬಾರಿ ಚಾಳು. ಆದ್ದರಿಂದ ಬೆಳಗಾವಿಯಲ್ಲೋ ಧಾರವಾಡದಲ್ಲೋ ಫ್ಲ್ಯಾಟು ನೋಡಲು ಹೊರಟವರಲ್ಲಿ ನನ್ನ ಕೋರಿಕೆ: ಮುಂಗಡ ಕೊಡುವ ಮೊದಲು ಕಾರ್ಪೆಟ್ ಏರಿಯಾ ಬರೆಹದಲ್ಲಿ ಪಡೆಯಿರಿ. ಹೊಸ ಕಟ್ಟಡವಾದರೆ ರೇರಾ ನೋಂದಣಿ ನೋಡಿ. ಕಟ್ಟೋಣದ ದೋಷಕ್ಕೆ ಸ್ವಾಧೀನ ಕೊಟ್ಟ ದಿನದಿಂದ ಐದು ವರ್ಷ ಬಿಲ್ಡರ್ ಹೊಣೆ ಎಂಬುದು ನೆನಪಿರಲಿ. ಹಳೆಯ ಕಟ್ಟಡವಾದರೆ ಘೋಷಣಾಪತ್ರ, ಉಪನಿಯಮ, ಹಿಂದಿನ ಮೂರು ವರ್ಷಗಳ ಸಭೆಯ ನಡಾವಳಿ, ದುರಸ್ತಿ ನಿಧಿಯ ಲೆಕ್ಕ ಕೇಳಿ ಓದಿ. ಮನೆ ಕೊಂಡ ಮೇಲೆ ಮೊದಲ ವಾರ್ಷಿಕ ಸಭೆಗೆ ತಪ್ಪದೆ ಹೋಗಿ, ಪಿಕೆಪಿಎಸ್ ಸಭೆಯಲ್ಲಿ ಕೇಳುವಷ್ಟೇ ಗಟ್ಟಿ ದನಿಯಲ್ಲಿ ಲೆಕ್ಕ ಕೇಳಿ.