ಹಡಗು ಹತ್ತುವ ಮುಂಚಿನ ವಾರ

ಕ್ಯಾಂಪರ್‌ನಲ್ಲಿ ಖಂಡ ದಾಟಿ ಬಂದವರು ಪುಣೆಯ ಕೋಥರೂಡದ ಯಾವುದಾದರೂ ಕನ್ನಡ ಮನೆಯ ಊಟಕ್ಕೆ ಸಿಕ್ಕರೆ ಎಲ್ಲರೂ ಕೇಳುವುದು ಪಾಮೀರಿನ ಚಳಿ, ಇರಾನಿನ ಡೀಸೆಲ್ ದರ, ರಾತ್ರಿ ಹೆದರಿಕೆ ಆಗಲಿಲ್ಲವೇ ಅಂತ. ನಾನು ಕೇಳುವುದು ಒಂದೇ: ಕೊನೆಯ ವಾರ ಎಲ್ಲಿ ನಿಂತಿದ್ದಿರಿ? ಹೆಚ್ಚಿನವರು ನಿಂತೇ ಇರುವುದಿಲ್ಲ. ನಾರ್ವೆಯೊಂದು ಆಗಿಬಿಡಲಿ ಅಂತ ಓಡಿಸುತ್ತಲೇ ಬಂದು, ಗಾಡಿ ಒಪ್ಪಿಸುವ ಹಿಂದಿನ ಸಂಜೆ ಬಂದರು ಮುಟ್ಟಿರುತ್ತಾರೆ.

ಸುದ್ದಿಗೂ ಕೊನೆಯ ವಾರ ಬೇಡ. 2015ರಲ್ಲಿ ಬೆಂಗಳೂರಿನ ನಿಧಿ ತಿವಾರಿ ಗೆಳತಿಯರ ಜತೆ ದೆಹಲಿಯಿಂದ ಹೊರಟು 17 ದೇಶ, 97 ದಿನ, ಸುಮಾರು 23,800 ಕಿ.ಮೀ. ಸ್ಟೀರಿಂಗ್ ಹಿಡಿದು ಲಂಡನ್ ಸೇರಿದ್ದು ನಮಗೆಲ್ಲ ಗೊತ್ತು. ಅವರದು ಸ್ಕಾರ್ಪಿಯೊ, ಕ್ಯಾಂಪರ್ ಅಲ್ಲ, ಇರಲಿ. ಲಂಡನ್ ಮುಟ್ಟಿದ ಗಾಡಿ ಮುಂದೇನಾಯಿತು ಎಂಬ ಕುತೂಹಲ ನನ್ನಂಥ ಕೆಲವರಿಗೆ ಮಾತ್ರ.

ಎಪ್ಪತ್ತರ ದಶಕದ ಹಿಪ್ಪಿಗಳು ಇಸ್ತಾಂಬುಲ್ ಬಿಟ್ಟು ಕಾಬೂಲ್, ಲಾಹೋರ್ ಹಾದು ರಸ್ತೆಯಲ್ಲೇ ಅಮೃತಸರಕ್ಕೆ ಬಂದಿಳಿಯುತ್ತಿದ್ದರು. 1979ರಲ್ಲಿ ಇರಾನಿನ ಕ್ರಾಂತಿಯೂ ಅಫ್ಘಾನಿಸ್ತಾನಕ್ಕೆ ಸೋವಿಯತ್ ಸೇನೆಯೂ ಒಟ್ಟಿಗೇ ಬಂದು ಆ ದಾರಿ ಮುಗಿಯಿತು. ಇವತ್ತು ಪುಣೆಯ ಎಂಎಚ್-12 ಫಲಕದ ಗಾಡಿ ಯುರೋಪಿನಿಂದ ಮನೆಗೆ ಬರುವುದು ಸಾಮಾನ್ಯವಾಗಿ ಹಡಗಿನಲ್ಲಿ. ಹಾಗಾಗಿ ನಮ್ಮ ಪ್ರವಾಸಗಳ ಕೊನೆ ಯಾವುದೋ ಬಂದರು ಊರು.

ಅಲ್ಲಿಗೆ ಮುಟ್ಟುವ ಹೊತ್ತಿಗೆ ಮೂರು ಗಡಿಯಾರ ಓಡುತ್ತಿರುತ್ತವೆ. ಷೆಂಗೆನ್ ವೀಸಾದಲ್ಲಿ ನಿಮಗೆ ಸಿಗುವುದು 180 ದಿನಗಳಲ್ಲಿ 90 ದಿನ. ನಿಮ್ಮ ಗಾಡಿಗೆ ಐರೋಪ್ಯ ಒಕ್ಕೂಟದಲ್ಲಿ ಸುಂಕವಿಲ್ಲದೆ ಆರು ತಿಂಗಳು. ಗಾಡಿಗೆ ಸಿಗುವ ಆತಿಥ್ಯ ಅದರ ಮಾಲೀಕನಿಗಿಲ್ಲ! ಮೂರನೆಯದು ಕಾರ್ನೆ, ಅಂದರೆ ಗಾಡಿಯನ್ನು ಸುಂಕವಿಲ್ಲದೆ ಗಡಿ ದಾಟಿಸುವ ಕಸ್ಟಮ್ಸ್ ಪುಸ್ತಕ. ಅದರ ಆಯುಸ್ಸು ಒಂದು ವರ್ಷ. ಪ್ರತಿ ಹಾಳೆಯಲ್ಲಿ ಮೂರು ತುಂಡು: ಕೆಳಗಿನದನ್ನು ಒಳಬರುವಾಗ ಕಸ್ಟಮ್ಸ್‌ನವರು ಹರಿದುಕೊಳ್ಳುತ್ತಾರೆ, ನಡುವಿನದನ್ನು ಹೊರಡುವಾಗ. ಎರಡೂ ಮುದ್ರೆ ಬಿದ್ದ ಮೇಲಿನ ತುಂಡು ಪುಸ್ತಕದಲ್ಲೇ ಉಳಿಯಬೇಕು. ಒಂದು ಮುದ್ರೆ ತಪ್ಪಿದರೂ ನೀವು ಆ ದೇಶದಲ್ಲಿ ಗಾಡಿ ಮಾರಿದಿರೆಂದೇ ಲೆಕ್ಕ. ಕಾರ್ನೆಗೆಂದು ಕೊಟ್ಟ ಬ್ಯಾಂಕ್ ಗ್ಯಾರಂಟಿ ಸಿಕ್ಕಿಬೀಳುತ್ತದೆ.

2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾದಾಗ ಈ ಲೆಕ್ಕವೂ ಕೆಟ್ಟಿತು. ಸುಯೆಜ್ ಬಿಟ್ಟು ಆಫ್ರಿಕಾದ ತುದಿ ಸುತ್ತಿ ಬರುವ ಹಡಗಿಗೆ ಹತ್ತು ಹದಿನೈದು ದಿನ ಹೆಚ್ಚು. ಗಾಡಿ ಸಮುದ್ರದ ಮೇಲಿರುವಾಗಲೇ ಕಾರ್ನೆ ಅವಧಿ ಮುಗಿಯುವ ಸಾಧ್ಯತೆ ನಿಜವಾದದ್ದು. ಅವಧಿ ವಿಸ್ತರಣೆಗೆ ಅದು ಮುಗಿಯುವ ಮುಂಚೆಯೇ ಬರೆಯಬೇಕು, ಮುಗಿದ ಮೇಲಲ್ಲ.

ನನ್ನ ಆಯ್ಕೆ ಬ್ರೆಮರ್‌ಹಾವೆನ್. ಜರ್ಮನಿಯ ಕಾರುಗಳು ಸಾಲುಗಟ್ಟಿ ಹಡಗು ಹತ್ತುವ ಊರು. ಅಂದವೇನೂ ಇಲ್ಲ, ಗಾಳಿ ವಿಪರೀತ. ಆದರೆ ಅಲ್ಲಿ ಕ್ಯಾಂಪರ್‌ಗಳಿಗೆಂದೇ ನಿಲ್ಲುವ ಜಾಗವಿದೆ, ನೀರು ತುಂಬಿಸಲು, ಕೊಳೆ ಟ್ಯಾಂಕು ಖಾಲಿ ಮಾಡಲು ತಾಪತ್ರಯವಿಲ್ಲ. ಮಧ್ಯಾಹ್ನಗಳಿಗೆ 2005ರಲ್ಲಿ ತೆರೆದ ವಲಸೆ ವಸ್ತುಸಂಗ್ರಹಾಲಯವಿದೆ. ಎಪ್ಪತ್ತು ಲಕ್ಷಕ್ಕೂ ಹೆಚ್ಚು ಜನ ಇದೇ ದಡದಿಂದ ಹೊಸ ಲೋಕಕ್ಕೆ ಹಡಗು ಹತ್ತಿದವರು. ಅವರ ಪೆಟ್ಟಿಗೆಗಳ ಗಾತ್ರ ನೋಡಿದ ಮೇಲೆ ನಮ್ಮ ಮಡಚುವ ಕುರ್ಚಿ, ಕಾಫಿ ಯಂತ್ರಗಳ ಬಗ್ಗೆ ನಾಚಿಕೆಯಾಗುತ್ತದೆ.

ಆ ವಾರದ ಕೆಲಸವೆಲ್ಲ ಖಾಲಿ ಮಾಡುವುದು. ಗ್ಯಾಸ್ ಸಿಲಿಂಡರ್ ಇಳಿಸಿ ಯಾರಿಗಾದರೂ ಕೊಡಬೇಕು. ನೀರಿನ ಟ್ಯಾಂಕು, ಪಂಪು, ಕೊಳವೆ ಬರಿದಾಗಬೇಕು. ಎರಡು ತಿಂಗಳು ನಿಂತ ನೀರಿನ ವಾಸನೆ ಮತ್ತೆ ಹೋಗುವುದಿಲ್ಲ. ಡೀಸೆಲ್ ತಳಮಟ್ಟಕ್ಕಿರಲಿ. ಗಾಡಿಯನ್ನು ನೇರ ಓಡಿಸಿ ಏರಿಸುವ ರೋ-ರೋ ಹಡಗಾದರೆ ಕೀಲಿ ಬಂದರಿನವರ ಕೈಗೆ ಹೋಗುತ್ತದೆ, ಒಳಗೆ ಸಾಮಾನು ಬಿಡುವಂತಿಲ್ಲ, ಬಿಟ್ಟರೆ ಕೈಬಿಟ್ಟಂತೆಯೇ. ಕಂಟೇನರ್ ಕ್ಷೇಮ, ಆದರೆ ಎತ್ತರದ್ದೇ ತಕರಾರು: ಹೈಕ್ಯೂಬ್ ಕಂಟೇನರಿನ ಬಾಗಿಲು ಸುಮಾರು 2.58 ಮೀಟರ್, ಸಾಮಾನ್ಯದ್ದು 2.28. ನಮ್ಮ ಪುಣೆಯ ಕಂಪನಿಯದೇ ಆದ ಫೋರ್ಸ್ ಟ್ರಾವೆಲರ್ ಕೊಂಡು ಮೇಲೆ ಸೌರ ಫಲಕ, ಫ್ಯಾನು, ಕ್ಯಾರಿಯರ್ ಏರಿಸಿ ಮೆರೆಯುವವರು ಹೊರಡುವ ಮೊದಲೇ ಟೇಪು ಹಿಡಿದು ಅಳೆಯಬೇಕು.

ಅಡುಗೆ ಡಬ್ಬಿಗಳನ್ನು ಬರಿದು ಮಾಡುವುದು ಮಾತ್ರ ಸುಖದ ಕೆಲಸ. ಕ್ಯಾಂಪರ್ ಊಟದಲ್ಲಿ ಉತ್ತರ ಕರ್ನಾಟಕದವರನ್ನು ಮೀರಿಸುವವರಿಲ್ಲ: ಖಡಕ್ ಜೋಳದ ರೊಟ್ಟಿ ತಿಂಗಳುಗಟ್ಟಲೆ ಕೆಡದು, ಗುರೆಳ್ಳು ಚಟ್ನಿಪುಡಿಗೆ ಫ್ರಿಜ್ ಬೇಡ. ಧಾರವಾಡ ಪೇಡೆಯ ಹಣೆಬರಹ ಬೇರೆ. ಹೊರಗಿನಿಂದ ಹಾಲಿನ ಪದಾರ್ಥ ತರಲು ಐರೋಪ್ಯ ಒಕ್ಕೂಟ ಬಿಡುವುದಿಲ್ಲ, ಅದನ್ನು ಗಡಿಗೆ ಮುಂಚೆಯೇ ತಿಂದು ಮುಗಿಸಿರಬೇಕು. ಕೊನೆಯ ವಾರಕ್ಕೆ ಉಳಿಯುವುದು ಅರ್ಧ ಡಬ್ಬಿ ಅವಲಕ್ಕಿ, ಒಂದು ಹಿಡಿ ಶೇಂಗಾ, ಯಾವ ದೇಶದ್ದೆಂದು ಮರೆತುಹೋದ ಒಣಹಣ್ಣು. ಇವನ್ನೆಲ್ಲ ಬೆರೆಸಿ ಮಾಡಿದ ಒಗ್ಗರಣೆ ಅವಲಕ್ಕಿಯನ್ನು ನಾನು ಯಾವ ಹೋಟೆಲಿಗೂ ಬದಲಾಯಿಸಲಾರೆ.

ಗಾಡಿ ಮುಂಬಯಿ ಬಳಿಯ ನ್ಹಾವಾ ಶೇವಾ ಬಂದರಿನಲ್ಲಿ ಇಳಿದ ಮೇಲೆ ಮರಳಿ ಬಂತೆಂಬ ಮುದ್ರೆ ಹಾಕಿಸಿ, ಕಾರ್ನೆ ಪುಸ್ತಕವನ್ನು ಅದನ್ನು ಕೊಟ್ಟ ಮುಂಬಯಿಯ ವೆಸ್ಟರ್ನ್ ಇಂಡಿಯಾ ಆಟೊಮೊಬೈಲ್ ಅಸೋಸಿಯೇಷನ್‌ಗೆ ಒಪ್ಪಿಸಿದರೆ ಗ್ಯಾರಂಟಿ ಬಿಡುಗಡೆಗೆ ದಾರಿ. ಎಕ್ಸ್‌ಪ್ರೆಸ್‌ವೇ ಹತ್ತುವ ಮುಂಚೆ ಫಾಸ್ಟ್ಯಾಗ್, ಪಿಯುಸಿ, ವಿಮೆ ಮೂರೂ ಜೀವಂತ ಇವೆಯೇ ನೋಡಿ. ವರ್ಷದ ಗೈರುಹಾಜರಿಯಲ್ಲಿ ಇವು ಸದ್ದಿಲ್ಲದೆ ಸಾಯುತ್ತವೆ. 2022ರ ಅಕ್ಟೋಬರ್‌ಗೆ ಮೊದಲು ಹೋಗಿ ಆಮೇಲೆ ಬಂದವರು ಪುಣೆಯ ಚಾಂದಣಿ ಚೌಕದಲ್ಲಿ ಹಳೆಯ ಸೇತುವೆ ಹುಡುಕಿ ಕಂಗಾಲಾಗಿರಬೇಕು. ಅದನ್ನು ಸ್ಫೋಟಿಸಿ ಕೆಡವಿದ್ದು ಆ ತಿಂಗಳು. ಪೌಡ್ ರಸ್ತೆಗೆ ಇಳಿದರೆ ಬಾಕಿ ಉಳಿಯುವುದು ನಿಲ್ಲಿಸುವ ಜಾಗ. ಕೋಥರೂಡದ ಸೊಸೈಟಿಗಳ ನೆಲಮಾಳಿಗೆಗೆ ಕ್ಯಾಂಪರ್ ತಲೆ ತೂರಿಸುವುದಿಲ್ಲ, ರಸ್ತೆ ಬದಿ ನಿಲ್ಲಿಸಿದರೆ ಅಕ್ಕಪಕ್ಕದವರ ದೂರು. ಭೂಗಾಂವ್ ಕಡೆ ಗೋದಾಮಿನ ಅಂಗಳವೊಂದನ್ನು ಬಾಡಿಗೆಗೆ ಹಿಡಿಯುವುದು ಮೇಲು. ಮಾತು ಹೊರಡುವ ಮುಂಚೆಯೇ ಮುಗಿಸಿಕೊಳ್ಳಿ, ಕಾಂಕ್ರೀಟ್ ನೆಲವನ್ನೇ ಕೇಳಿ. ಜೂನ್ ಕಳೆದರೆ ಮಣ್ಣಿನ ಅಂಗಳದಿಂದ ಗಾಡಿ ಎಬ್ಬಿಸಲು ಟ್ರ್ಯಾಕ್ಟರ್ ಕರೆಸಬೇಕಾಗುತ್ತದೆ.