ಫ್ರೀಡ್‌ಮನ್ನರ ಸ್ವಾತಂತ್ರ್ಯಮೀಮಾಂಸೆ

ದೇಶ ನಮಗಾಗಿ ಏನು ಮಾಡೀತೆಂದು ಕೇಳದೆ, ದೇಶಕ್ಕಾಗಿ ನಾವೇನು ಮಾಡಬಲ್ಲೆವೆಂದು ಕೇಳಿಕೊಳ್ಳಬೇಕೆಂದು ಅಧ್ಯಕ್ಷ ಕೆನೆಡಿಯವರು 1961ರ ಜನವರಿಯಲ್ಲಿ ಅಮೆರಿಕದ ಜನಕ್ಕೆ ಹೇಳಿದರು. ಈ ಮಾತಿಗೆ ತಲೆದೂಗದವರು ವಿರಳ. ಅಂಥ ವಿರಳರಲ್ಲಿ ಒಬ್ಬರು ಶಿಕಾಗೋ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್. ಮರುವರ್ಷ ಹೊರಬಂದ ಅವರ ‘ಕ್ಯಾಪಿಟಲಿಸಂ ಅಂಡ್ ಫ್ರೀಡಂ’ ಗ್ರಂಥ ಈ ವಾಕ್ಯದ ವಿಮರ್ಶೆಯಿಂದಲೇ ಆರಂಭವಾಗುತ್ತದೆ. ಮೊದಲರ್ಧದಲ್ಲಿ ಸರ್ಕಾರ ಪೋಷಕ, ಪ್ರಜೆ ಪೋಷ್ಯ. ಎರಡನೆಯರ್ಧದಲ್ಲಿ ಸರ್ಕಾರ ಒಡೆಯ ಇಲ್ಲವೆ ದೇವರು, ಪ್ರಜೆ ಆಳು ಇಲ್ಲವೆ ಭಕ್ತ. ಸ್ವತಂತ್ರ ಮನುಷ್ಯನಿಗೆ ಎರಡೂ ತಕ್ಕುದಲ್ಲವೆಂಬುದು ಅವರ ವಾದ. ಸರ್ಕಾರ ಅವನ ಕೈಯಲ್ಲಿರುವ ಒಂದು ಉಪಕರಣ. ಅದರಿಂದ ಏನನ್ನು ಮಾಡಿಸಿಕೊಳ್ಳಬಹುದು, ಅದು ತನ್ನನ್ನೇ ನುಂಗದಂತೆ ಹೇಗೆ ನೋಡಿಕೊಳ್ಳಬೇಕು ಎಂಬುವೇ ಅವನು ಕೇಳಬೇಕಾದ ಪ್ರಶ್ನೆಗಳು. ಒಂದು ವಾಕ್ಯವನ್ನು ಹೀಗೆ ಬಿಡಿಸಿ ನೋಡಬಲ್ಲ ಅರ್ಥಶಾಸ್ತ್ರಜ್ಞರನ್ನು ಸಾಹಿತ್ಯದ ವಿದ್ಯಾರ್ಥಿಗಳು ಕಡೆಗಣಿಸುವಂತಿಲ್ಲ.

ಫ್ರೀಡ್‌ಮನ್ನರು ತಮ್ಮನ್ನು ‘ಲಿಬರಲ್’ ಎಂದು ಕರೆದುಕೊಳ್ಳುತ್ತಾರೆ. ಆದರೆ 20ನೆಯ ಶತಮಾನದ ಅಮೆರಿಕದಲ್ಲಿ ಈ ಪದದ ಅರ್ಥ ತಲೆಕೆಳಗಾಗಿ, ಸರ್ಕಾರದ ಕೈ ಉದ್ದವಾಗಲಿ ಎನ್ನುವವರ ಹೆಸರಾಯಿತೆಂಬುದು ಅವರ ದೂರು. ನಾವು ಕನ್ನಡದಲ್ಲಿ ಇದನ್ನು ‘ಉದಾರವಾದಿ’ ಎಂದು ಅನುವಾದಿಸಿ ತೊಡಕನ್ನು ಇನ್ನಷ್ಟು ಹೆಚ್ಚಿಸಿದ್ದೇವೆ. ಉದಾರಿ ಎಂದರೆ ನಮಗೆ ಕೈಬಿಚ್ಚಿ ಕೊಡುವವನು. ಫ್ರೀಡ್‌ಮನ್ನರ ಲಿಬರಲನಾದರೋ, ಸರ್ಕಾರ ಕೊಡುವುದನ್ನು ಕಂಡರೆ ಅದು ಯಾರ ಜೇಬಿನಿಂದ ಬಂತೆಂದು ಕೇಳುವವನು. ‘ಸ್ವಾತಂತ್ರ್ಯವಾದಿ’ ಎಂಬುದೇ ಇವರಿಗೆ ಒಪ್ಪುವ ಹೆಸರು.

1956ರಲ್ಲಿ ವಾಬಾಷ್ ಕಾಲೇಜಿನಲ್ಲಿ ಮಾಡಿದ ಉಪನ್ಯಾಸಗಳನ್ನು ಪತ್ನಿ ರೋಸ್ ಅವರ ನೆರವಿನಿಂದ ತಿದ್ದಿ ರೂಪಿಸಿದ ಗ್ರಂಥವಿದು. ಸರ್ಕಾರ ಮಾಡಬಾರದ ಕೆಲಸಗಳ ಪಟ್ಟಿಯೊಂದು ಎರಡನೆಯ ಅಧ್ಯಾಯದಲ್ಲಿದೆ: ಬೆಳೆಗೆ ಬೆಂಬಲ ಬೆಲೆ, ಆಮದು ಸುಂಕ, ಬಾಡಿಗೆ ನಿಯಂತ್ರಣ, ಕನಿಷ್ಠ ವೇತನ, ವೃತ್ತಿಗಳಿಗೆ ಲೈಸೆನ್ಸು, ಶಾಂತಿಕಾಲದ ಕಡ್ಡಾಯ ಸೈನಿಕ ಸೇವೆ, ಅಂಚೆಯ ಏಕಸ್ವಾಮ್ಯ ಇತ್ಯಾದಿ. ವೈದ್ಯನಿಗೂ ಲೈಸೆನ್ಸು ಬೇಡವೆನ್ನುವಾಗ ವಾಚಕರು ಬೆಚ್ಚಬಹುದು. ಆದರೆ ಲೇಖಕರು ಕಲ್ಲೆದೆಯವರಲ್ಲ. ವರಮಾನ ಒಂದು ಮಟ್ಟಕ್ಕಿಂತ ಇಳಿದವರಿಗೆ ತೆರಿಗೆಯ ವ್ಯವಸ್ಥೆಯ ಮೂಲಕವೇ ನಗದು ಕೊಡಬೇಕೆಂಬ ಸಲಹೆಯೂ, ಮಕ್ಕಳ ಶಿಕ್ಷಣದ ಹಣಕ್ಕೆ ತಂದೆತಾಯಿಗಳ ಕೈಗೆ ಚೀಟಿ ಕೊಟ್ಟು ಶಾಲೆಯನ್ನು ಅವರೇ ಆರಿಸಲೆಂಬ ಸಲಹೆಯೂ ಇಲ್ಲಿವೆ.

ಗ್ರಂಥದ ಜೀವಾಳ ಮೊದಲ ಅಧ್ಯಾಯ. ಅನ್ನ ಕೊಡುವ ಕೈ ಒಂದೇ ಆದರೆ, ಬಾಯಿ ಕಟ್ಟುವ ಕೈಯೂ ಅದೇ ಆಗುತ್ತದೆ. ಕೈಗಳು ಹಲವಾದರೆ ಭಿನ್ನಮತೀಯನಿಗೆ ಎಲ್ಲಾದರೂ ಒಂದು ಬಾಗಿಲು ತೆರೆದಿರುತ್ತದೆ. ಇದಕ್ಕೆ ಅವರು ಕೊಡುವ ಒಂದು ನಿದರ್ಶನ ಹಾಲಿವುಡ್ಡಿನದು. 1947ರ ಅನಂತರ, ಕಮ್ಯುನಿಸ್ಟರೆಂಬ ಆಪಾದನೆಗೆ ಗುರಿಯಾದ ಲೇಖಕರಿಗೆ ಚಿತ್ರಸಂಸ್ಥೆಗಳು ಕೆಲಸ ನಿರಾಕರಿಸಿದವು. ಆದರೂ ಅವರ ಚಿತ್ರಕಥೆಗಳು ಬೇರೆ ಹೆಸರುಗಳಲ್ಲಿ ಮಾರಾಟವಾದವು. 1957ರಲ್ಲಿ ‘ದ ಬ್ರೇವ್ ಒನ್’ ಚಿತ್ರದ ಕಥೆಗೆ ಆಸ್ಕರ್ ಪ್ರಶಸ್ತಿ ಬಂದಾಗ, ಅದನ್ನು ಬರೆದನೆನ್ನಲಾದ ‘ರಾಬರ್ಟ್ ರಿಚ್’ ಮುಂದೆ ಬರಲೇ ಇಲ್ಲ. ಆ ಹೆಸರಿನ ಮರೆಯಲ್ಲಿದ್ದವರು ಬಹಿಷ್ಕೃತ ಲೇಖಕ ಡಾಲ್ಟನ್ ಟ್ರಂಬೋ ಎಂಬುದು 1959ರಲ್ಲಿ ಬಯಲಾಯಿತು. ಸರ್ಕಾರವೇ ಏಕೈಕ ನಿರ್ಮಾಪಕನಾಗಿದ್ದರೆ ಟ್ರಂಬೋ ಹಸಿಯಬೇಕಿತ್ತು. ತರ್ಕ ಬಲವಾದುದೇ. ಪಾಸ್ತರ್ನಾಕರ ‘ಡಾಕ್ಟರ್ ಜಿವಾಗೊ’ 1957ರಲ್ಲಿ ಇಟಲಿಯಲ್ಲಿ ಅಚ್ಚಾಗಬೇಕಾಯಿತೆಂಬುದನ್ನು ನೆನೆದರೆ ಅದರ ಬಲ ಇನ್ನೂ ಹೆಚ್ಚುತ್ತದೆ.

ಆದರೆ ಈ ನಿದರ್ಶನಕ್ಕೆ ಇನ್ನೊಂದು ಮುಖವಿದೆ. ಅಮೆರಿಕದ ಪಾರ್ಲಿಮೆಂಟಿನ ಸಮಿತಿ ಲೇಖಕರನ್ನು ಬೆದರಿಸಿತು ನಿಜ; ಬಾಗಿಲು ಹಾಕಿದವರು ಮಾತ್ರ ಖಾಸಗಿ ಧಣಿಗಳು. ಇದು ಸ್ವಾತಂತ್ರ್ಯಘಾತಕವಾದ ಒಳಒಪ್ಪಂದವೆಂದು ಫ್ರೀಡ್‌ಮನ್ನರೂ ಒಪ್ಪಿ, ಮಾರುಕಟ್ಟೆ ಅದನ್ನು ಸೋಲಿಸಿತೆಂದು ಸಮಾಧಾನಪಡುತ್ತಾರೆ. ಎಷ್ಟರಮಟ್ಟಿಗೆ ಸೋಲಿಸಿತು? ಟ್ರಂಬೋ ಅವರಿಗೆ ಹಣ ಸಿಕ್ಕಿತು, ಹೆಸರು ಸಿಗಲಿಲ್ಲ. ಅವರ ಹೆಸರು ಮತ್ತೆ ರಾಜಾರೋಷವಾಗಿ ತೆರೆಯ ಮೇಲೆ ಬಂದದ್ದು 1960ರಲ್ಲಿ, ‘ಸ್ಪಾರ್ಟಕಸ್’ ಮತ್ತು ‘ಎಕ್ಸೋಡಸ್’ ಚಿತ್ರಗಳೊಡನೆ. ಬರಹಗಾರನಿಗೆ ಹೆಸರೆಂಬುದು ಕೀರ್ತಿಯ ಆಸೆಯಷ್ಟೇ ಅಲ್ಲ. ತಾನಾಡಿದ ಮಾತಿಗೆ ತಾನು ಹೊಣೆ ಎಂಬ ಘನತೆ. ಹೆಸರು ಬಚ್ಚಿಟ್ಟುಕೊಂಡು ಹೊಟ್ಟೆ ಹೊರೆಯಬಹುದು, ಅದನ್ನು ಸ್ವಾತಂತ್ರ್ಯವೆನ್ನಲಾಗದು. ಫ್ರೀಡ್‌ಮನ್ನರ ತಕ್ಕಡಿ ಕೊಳುಕೊಡೆಯನ್ನು ಚೆನ್ನಾಗಿ ತೂಗುತ್ತದೆ. ಮಾನಮರ್ಯಾದೆಯನ್ನು ತೂಗುವ ಕಲ್ಲು ಅದರಲ್ಲಿಲ್ಲ.

ವರ್ಣಭೇದವನ್ನು ಕುರಿತ ಏಳನೆಯ ಅಧ್ಯಾಯದಲ್ಲಿ ಈ ಕೊರತೆ ಎದ್ದು ಕಾಣುತ್ತದೆ. ಭೇದವೆಣಿಸುವ ಧಣಿ ತನ್ನ ಚಪಲಕ್ಕೆ ತಾನೇ ಬೆಲೆ ತೆರುತ್ತಾನೆ. ಆದ್ದರಿಂದ ಉದ್ಯೋಗದಲ್ಲಿ ಭೇದವನ್ನು ನಿಷೇಧಿಸುವ ಕಾನೂನು ಬೇಡ, ಮನವೊಲಿಸೋಣ ಎನ್ನುತ್ತಾರೆ. ವರ್ಣದ್ವೇಷ ಅವರಿಗೆ ಹೇಯವೆಂಬುದರಲ್ಲಿ ಸಂದೇಹವಿಲ್ಲ. ದಕ್ಷಿಣದ ರಾಜ್ಯಗಳಲ್ಲಿ ಸರ್ಕಾರದ ಕಾನೂನೇ ಭೇದವನ್ನು ಕಡ್ಡಾಯ ಮಾಡಿತ್ತೆಂಬುದೂ ನಿಜ. ಆದರೆ ತಲೆಮಾರುಗಳಿಂದ ಹೊರಗೆ ನಿಂತವನಿಗೆ, ಧಣಿಯ ಮನಸ್ಸು ಕರಗುವ ತನಕ ಕಾದಿರು ಎಂದರೆ ಅದು ಯಾರ ಸ್ವಾತಂತ್ರ್ಯ? ಅಮೆರಿಕ ಕಾಯಲಿಲ್ಲ, 1964ರಲ್ಲಿ ನಾಗರಿಕ ಹಕ್ಕುಗಳ ಶಾಸನ ಬಂತು. ಊರ ಬಾವಿಯ ಕಥೆಯನ್ನು ಬಲ್ಲ ನಮಗೆ, ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ನಿಷೇಧಿಸಿದ್ದೇಕೆಂದು ಯಾರೂ ವಿವರಿಸಬೇಕಾಗಿಲ್ಲ.

ವಿದೇಶ ವ್ಯವಹಾರದಲ್ಲಿ ಅವರ ನಿಲುವು ಸರಳ. ಇತರರು ಇಳಿಸಲಿ ಬಿಡಲಿ, ಅಮೆರಿಕ ತಾನೇ ಮುಂದಾಗಿ ಆಮದು ಸುಂಕಗಳನ್ನು ತೆಗೆದುಹಾಕಬೇಕು. ಸೈನ್ಯಕ್ಕೆ ಯುವಕರನ್ನು ಬಲವಂತವಾಗಿ ಸೇರಿಸಬಾರದೆಂಬ ಮಾತನ್ನಂತೂ ಅವರು ಗ್ರಂಥಕ್ಕೇ ಬಿಡಲಿಲ್ಲ. 1969ರಲ್ಲಿ ಅಧ್ಯಕ್ಷ ನಿಕ್ಸನ್ನರು ನೇಮಿಸಿದ ಗೇಟ್ಸ್ ಆಯೋಗದ ಸದಸ್ಯರಾಗಿ ವಾದಿಸಿದರು. 1973ರಲ್ಲಿ ಆ ಪದ್ಧತಿ ನಿಂತಿತು. ಇದು ಸಣ್ಣ ಸಾಧನೆಯಲ್ಲ. ಆದರೂ ಹದಿಮೂರು ಅಧ್ಯಾಯಗಳಲ್ಲಿ ಯುದ್ಧಕ್ಕೆಂದು ಒಂದೂ ಮೀಸಲಾಗಿಲ್ಲ. ಕಾಗದ ಹಂಚುವ ಸರ್ಕಾರವನ್ನು ಇಷ್ಟು ಶಂಕಿಸುವವರು ಬಾಂಬು ಹೊತ್ತ ಸರ್ಕಾರವನ್ನು ಇನ್ನಷ್ಟು ಶಂಕಿಸಬೇಡವೆ?

1955ರಲ್ಲಿ ಭಾರತ ಸರ್ಕಾರದ ಆಹ್ವಾನದ ಮೇಲೆ ಬಂದು ಸಲಹೆ ಬರೆದುಕೊಟ್ಟವರು ಇವರು. ಅದು ಆಗ ರುಚಿಸಲಿಲ್ಲ. ಲೈಸೆನ್ಸು ಪರ್ಮಿಟ್ಟುಗಳ ಕಾಲವನ್ನು ಹಾದು, 1991ರ ಅನಂತರ ಬೇರೆ ದಾರಿ ಹಿಡಿದ ನಮ್ಮ ದೇಶದವರು ಈ ಗ್ರಂಥವನ್ನು ಈಗಲೂ ಓದಬೇಕು. ಸರ್ಕಾರದ ಪ್ರತಿಯೊಂದು ಆಜ್ಞೆಯನ್ನೂ ‘ಏಕೆ?’ ಎಂದು ಕೇಳುವುದನ್ನು ಅದು ಕಲಿಸುತ್ತದೆ. ಹಾಗೆ ಕಲಿತವರು ಅದೇ ಪ್ರಶ್ನೆಯನ್ನು ಧಣಿಗೂ ಅಂಗಡಿಗೂ ಕೇಳಿದರೆ, ಗ್ರಂಥಕರ್ತರು ಬಿಟ್ಟ ಅರ್ಧವೂ ಪೂರ್ತಿಯಾದೀತು.