ಹಳೇ ಗಡಿಗೆಯ ಎರಡನೇ ಬಾಳು

ಹಂಸಭಾವಿ ಸೀಮೆಯಲ್ಲಿ ಗಡಿಗೆಯ ಮಾತೆತ್ತಿದರೆ ಸರ್ವಜ್ಞ ನೆನಪಾಗುತ್ತಾನೆ. ಇದೇ ಹಿರೇಕೆರೂರು ಭಾಗದ ಅಬಲೂರು, ಮಾಸೂರುಗಳೊಂದಿಗೆ ಹೆಸರು ಬೆಸೆದುಕೊಂಡ ಆ ಕವಿಯ ತಾಯಿ ಕುಂಬಾರ ಮಾಳಿ ಎಂದೇ ಜನರ ನಂಬಿಕೆ.

ಕುಂಬಾರರು ಮಾಡುವ ಹರವಿ, ಅಂದರೆ ನೀರಿನ ಗಡಿಗೆ, ಹೊಸದಿದ್ದಾಗ ಬೆವರುತ್ತದೆ. ಮಣ್ಣಿನ ಸಣ್ಣ ರಂಧ್ರಗಳಿಂದ ಜಿನುಗಿದ ನೀರು ಆವಿಯಾಗುತ್ತ ಒಳಗಿನ ಶಾಖವನ್ನೂ ಒಯ್ಯುತ್ತದೆ. ಬರಬರುತ್ತ ನೀರಿನ ಲವಣ ಕಟ್ಟಿ ರಂಧ್ರಗಳು ಮುಚ್ಚುತ್ತವೆ, ತಂಪು ಕುಗ್ಗುತ್ತದೆ. ಹಾಗೆಂದು ಅದನ್ನು ಬಿಸಾಡುತ್ತಿರಲಿಲ್ಲ. ಬೂದಿ ಬೆರೆಸಿದ ಬಿತ್ತನೆ ಕಾಳು ತುಂಬಿ, ಬಾಯಿಗೆ ಸಗಣಿ ಮೆತ್ತಿ ಅಟ್ಟಕ್ಕೇರಿಸುತ್ತಿದ್ದರು; ಹುಳದ ಕಾಟ ತಪ್ಪುತ್ತಿತ್ತು. ಎಂಥ ಜಾಣ್ಮೆ! ಮೊಸರಿನ ಗಡಿಗೆಯಂತೂ ನೀರಿನಂಶ ಹೀರಿ ಮೊಸರನ್ನು ಗಟ್ಟಿಯಾಗಿಸುತ್ತದೆ. ಸ್ಟೀಲಿನ ಡಬ್ಬಿಗೆ ಆ ರುಚಿ ಒಲಿಯದು.

ನಿಮ್ಮ ಅಟ್ಟದಲ್ಲಿ ಹಳೇ ಗಡಿಗೆಯಿದ್ದರೆ ದಯವಿಟ್ಟು ಕೆಳಗಿಳಿಸಿ, ತೊಳೆದು ಒಣಗಿಸಿ, ಕಾಳು ತುಂಬಿಡಿ.